ಯಂತ್ರ ಮಾಡಿದ ತಪ್ಪಿಗೆ ಹೊಣೆ ಯಾರು?

ಉತ್ತರ ಕರ್ನಾಟಕದ ವಿಶ್ವವಿದ್ಯಾಲಯವೊಂದರಲ್ಲಿ ‘ಡಿಜಿಟಲ್ ತಂತ್ರಜ್ಞಾನ ಮತ್ತು ಸಮಾಜ’ ಎಂಬ ಮುಕ್ತ ಐಚ್ಛಿಕ ವಿಷಯವನ್ನು ಕೆಲವು ವರ್ಷಗಳಿಂದ ಬೋಧಿಸಲಾಗುತ್ತಿದೆ. ಸ್ನಾತಕೋತ್ತರ ತರಗತಿಯ ಯಾವ ವಿಭಾಗದ ವಿದ್ಯಾರ್ಥಿಯಾದರೂ ಇದನ್ನು ಆಯ್ದುಕೊಳ್ಳಬಹುದು. ಆದುದರಿಂದ ಗಣಕವಿಜ್ಞಾನದವರು, ವಾಣಿಜ್ಯದವರು, ಕನ್ನಡ ಸಾಹಿತ್ಯದವರು, ಗ್ರಂಥಾಲಯ ವಿಜ್ಞಾನದವರು ಒಂದೇ ಕೊಠಡಿಯಲ್ಲಿ ಕುಳಿತು ಕೇಳುತ್ತಾರೆ. ಯಂತ್ರದ ಒಳಗನ್ನು ಬಲ್ಲವರಿಗೆ ಅದರ ಹೊರಗೆ ನಿಂತವರ ಕಷ್ಟ ತಿಳಿಯದು. ಹೊರಗೆ ನಿಂತವರಿಗೆ ಒಳಗಿನ ಕ್ರಮ ತಿಳಿಯದು. ಈ ಇಬ್ಬರನ್ನೂ ಎದುರುಬದುರು ಕೂರಿಸುವುದೇ ಈ ವಿಷಯದ ಮೊದಲ ಪ್ರಯೋಜನವೆಂದು ಅದನ್ನು ಬೋಧಿಸುವ ಸಮಾಜಶಾಸ್ತ್ರದ ಅಧ್ಯಾಪಕಿಯು ಭಾವಿಸಿದ್ದಾರೆ.

ಹೊಸ ಯಂತ್ರಗಳನ್ನು ಕುರಿತು ಪಾಠ ಹೇಳುವುದರಲ್ಲಿ ಒಂದು ತೊಡಕುಂಟು. ಇಂದು ಹೊಸದೆನಿಸಿದ್ದು ಪುಸ್ತಕ ಅಚ್ಚಾಗುವಷ್ಟರಲ್ಲಿ ಹಳತಾಗುತ್ತದೆ. ಹೀಗಾಗಿ ಅವರು ಯಂತ್ರಗಳ ಪಟ್ಟಿಯನ್ನು ಬದಿಗಿಟ್ಟು, ಹಳತಾಗದ ಪ್ರಶ್ನೆಯೊಂದನ್ನು ಹದಿನಾರು ವಾರಗಳ ಪಾಠಕ್ಕೆ ದಾರವಾಗಿ ಇಟ್ಟುಕೊಂಡರು: ಯಂತ್ರದ ಮೂಲಕ ಒಬ್ಬನಿಗೆ ಕೇಡಾದಾಗ ಅದನ್ನು ಮಾಡಿದವರು ಯಾರು? ಕಚೇರಿಗಳಲ್ಲಿ ‘ಸಿಸ್ಟಮ್ ಒಪ್ಪುತ್ತಿಲ್ಲ’, ‘ಸರ್ವರ್ ಇಲ್ಲ’ ಎಂಬ ಮಾತುಗಳನ್ನು ಕೇಳದವರಿಲ್ಲ. ಈ ವಾಕ್ಯಗಳಲ್ಲಿ ಮನುಷ್ಯನೇ ಇಲ್ಲ. ಕ್ರಿಯೆ ಇದೆ, ಫಲವಿದೆ, ಫಲ ಉಣ್ಣುವವನೂ ಇದ್ದಾನೆ. ಕರ್ತೃ ಮಾತ್ರ ಕಾಣೆಯಾಗಿದ್ದಾನೆ.

ಪಾಠವು ಜೋಸೆಫ್ ವೈಜನ್‌ಬಾಮ್ ಅವರ ಕತೆಯಿಂದ ತೊಡಗುತ್ತದೆ. 1923ರಲ್ಲಿ ಬರ್ಲಿನ್ ನಗರದಲ್ಲಿ ಹುಟ್ಟಿದ ಈ ವಿದ್ವಾಂಸರು 1936ರಲ್ಲಿ ಕುಟುಂಬದೊಡನೆ ನಾಜಿ ಆಡಳಿತದಿಂದ ತಪ್ಪಿಸಿಕೊಂಡು ಅಮೆರಿಕ ಸೇರಿದವರು. ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿದ್ದಾಗ 1966ರಲ್ಲಿ ‘ಎಲೈಜಾ’ ಎಂಬ ಕಾರ್ಯಕ್ರಮವನ್ನು ಪ್ರಕಟಿಸಿದರು. ಬೆರಳಚ್ಚಿಸಿದ ಮಾತನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುವುದಷ್ಟೇ ಅದರ ಕೆಲಸ. ಅದಕ್ಕೆ ಏನೂ ಅರ್ಥವಾಗುತ್ತಿರಲಿಲ್ಲ. ಆದರೂ ಅವರ ಕಾರ್ಯದರ್ಶಿ ಅದರೊಡನೆ ಮಾತಿಗೆ ಕುಳಿತು, ತಾನು ಏಕಾಂತದಲ್ಲಿ ಮಾತಾಡಬೇಕಾಗಿರುವುದರಿಂದ ಕೊಠಡಿಯಿಂದ ಹೊರಗೆ ಹೋಗುವಂತೆ ವೈಜನ್‌ಬಾಮ್ ಅವರನ್ನೇ ಕೇಳಿಕೊಂಡರು. ಯಂತ್ರವನ್ನು ನಿರ್ಮಿಸುವುದನ್ನು ನೋಡಿದ್ದವರೇ ಅದರ ಮಾತಿಗೆ ಮನಸ್ಸು ಕೊಟ್ಟದ್ದನ್ನು ಕಂಡು ಅವರು ಚಿಂತಾಕ್ರಾಂತರಾದರು. 1976ರಲ್ಲಿ ಪ್ರಕಟವಾದ ಅವರ ಗ್ರಂಥವು, ಗಣಕಯಂತ್ರದಿಂದ ಮಾಡಿಸಲು ಸಾಧ್ಯವಾದರೂ ಮಾಡಿಸಬಾರದ ಕೆಲಸಗಳಿವೆ ಎಂದು ವಾದಿಸಿತು. ‘ಸಾಧ್ಯವೇ?’ ಎಂಬ ಪ್ರಶ್ನೆಗೆ ಯಂತ್ರಶಾಸ್ತ್ರಜ್ಞ ಉತ್ತರ ಹೇಳಬಲ್ಲ. ‘ಯುಕ್ತವೇ?’ ಎಂಬುದಕ್ಕೆ ಉತ್ತರ ಹೇಳುವ ಹೊಣೆ ಎಲ್ಲರದು.

ಎರಡನೆಯ ಪಾಠ ಇಂಗ್ಲೆಂಡಿನದು. ಬ್ರಿಟನ್ನಿನ ಅಂಚೆ ಸಂಸ್ಥೆಯು 1999ರಿಂದ ತನ್ನ ಶಾಖೆಗಳಲ್ಲಿ ‘ಹೊರೈಜನ್’ ಎಂಬ ಲೆಕ್ಕಪತ್ರದ ತಂತ್ರಾಂಶವನ್ನು ಅಳವಡಿಸಿತು. ಇದನ್ನು ಸಿದ್ಧಪಡಿಸಿದ್ದು ಫುಜಿತ್ಸು ಕಂಪನಿ. ಸಂಜೆ ಲೆಕ್ಕ ಕೂಡಿಸಿದಾಗ ಪೆಟ್ಟಿಗೆಯಲ್ಲಿರುವ ಹಣಕ್ಕೂ ಯಂತ್ರ ತೋರುವ ಮೊತ್ತಕ್ಕೂ ಹೊಂದಾಣಿಕೆಯಾಗದೆ, ಎಷ್ಟೋ ಶಾಖೆಗಳಲ್ಲಿ ಸಾವಿರಾರು ಪೌಂಡುಗಳ ಕೊರತೆ ಕಾಣಿಸತೊಡಗಿತು. ಶಾಖೆಯನ್ನು ನಡೆಸುವವರು ಸಹಾಯವಾಣಿಗೆ ಕರೆ ಮಾಡಿದರೆ, ಇಂಥ ತೊಂದರೆ ಬೇರೆ ಯಾರಿಗೂ ಆಗಿಲ್ಲವೆಂಬ ಉತ್ತರ ಅನೇಕರಿಗೆ ಬಂದಿತು. ಗಣಕಯಂತ್ರ ಸರಿಯಾಗಿಯೇ ಕೆಲಸ ಮಾಡುತ್ತಿದೆಯೆಂದು ಮೊದಲು ಭಾವಿಸಿಕೊಳ್ಳುವ ನಿಯಮ ಅಲ್ಲಿನ ನ್ಯಾಯಾಲಯಗಳಲ್ಲಿ ಇದ್ದುದರಿಂದ, ಯಂತ್ರ ತಪ್ಪೆಂದು ಸಾಧಿಸುವ ಭಾರ ಆರೋಪಿಯ ಮೇಲೆಯೇ ಬಿತ್ತು. 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಮಂದಿ ಕಳವು, ವಂಚನೆ, ಸುಳ್ಳು ಲೆಕ್ಕದ ಅಪರಾಧಿಗಳೆನಿಸಿದರು. ಕೆಲವರು ಸೆರೆಮನೆ ಕಂಡರು. ಹಲವರು ಮನೆಮಾರು ಮಾರಿ ಕೈಯಿಂದ ಹಣ ತುಂಬಿದರು. ಪ್ರಾಣ ಕಳೆದುಕೊಂಡವರೂ ಉಂಟು. ಅಲನ್ ಬೇಟ್ಸ್ ಎಂಬವರ ಮುಂದಾಳುತನದಲ್ಲಿ 555 ಮಂದಿ ಹೂಡಿದ ದಾವೆಯಲ್ಲಿ, ತಂತ್ರಾಂಶದಲ್ಲಿಯೇ ದೋಷಗಳಿದ್ದವೆಂದು ಉಚ್ಚ ನ್ಯಾಯಾಲಯವು 2019ರಲ್ಲಿ ತೀರ್ಪಿತ್ತಿತು. 2021ರ ಏಪ್ರಿಲಿನಲ್ಲಿ ಮೇಲ್ಮನವಿ ನ್ಯಾಯಾಲಯವು ಒಂದೇ ದಿನ 39 ಮಂದಿಯ ಶಿಕ್ಷೆಯನ್ನು ರದ್ದುಪಡಿಸಿತು. ಉಳಿದವರಿಗಾಗಿ 2024ರಲ್ಲಿ ಸಂಸತ್ತೇ ಕಾಯಿದೆ ಮಾಡಬೇಕಾಯಿತು.

ಈ ಪಾಠ ಮುಗಿದಾಗ ವಾಣಿಜ್ಯ ವಿಭಾಗದ ವಿದ್ಯಾರ್ಥಿಯೊಬ್ಬ ಎದ್ದು ನಿಂತು, ತನ್ನ ಅಜ್ಜನ ಕಿರಾಣಿ ಅಂಗಡಿಯಲ್ಲಿ ರೋಜಕೀರ್ದಿಗೂ ಗಲ್ಲೆಗೂ ಹೊಂದದಿದ್ದರೆ ಮೊದಲು ಕೂಡಿಕೆಯನ್ನೇ ಮತ್ತೆ ನೋಡುತ್ತಿದ್ದರೆಂದೂ, ಕೆಲಸದ ಹುಡುಗನ ಮೇಲೆ ಅನುಮಾನ ಪಡುವುದು ಕಟ್ಟಕಡೆಯ ಮಾತಾಗಿತ್ತೆಂದೂ ಹೇಳಿದ. ಇಷ್ಟು ಸಣ್ಣ ಮರ್ಯಾದೆ ಅಷ್ಟು ದೊಡ್ಡ ಸಂಸ್ಥೆಗೆ ಏಕೆ ಇಲ್ಲವಾಯಿತು ಎಂಬುದು ಅವನ ಪ್ರಶ್ನೆ. ಅದೇ ವಿದ್ಯಾರ್ಥಿ ಮನೆಯಲ್ಲಿ ಕೇಳಿ ಬಲ್ಲ ಮೂರು ಮಾತುಗಳನ್ನೂ ತರಗತಿಯ ಮುಂದಿಟ್ಟ: ಕೃತ, ಕಾರಿತ, ಅನುಮೋದಿತ. ತಾನೇ ಮಾಡಿದ್ದು, ಬೇರೊಬ್ಬರಿಂದ ಮಾಡಿಸಿದ್ದು, ಮಾಡಿದ್ದಕ್ಕೆ ಒಪ್ಪಿಗೆ ಸೂಚಿಸಿದ್ದು, ಮೂರರಲ್ಲಿಯೂ ಪಾಲುಂಟು. ಬ್ರಿಟನ್ನಿನ ವ್ಯವಹಾರಕ್ಕೆ ಇದನ್ನು ಹೊಂದಿಸಿ ನೋಡಿದಾಗ ಕಾಣೆಯಾಗಿದ್ದ ಕರ್ತೃಗಳು ಒಬ್ಬೊಬ್ಬರಾಗಿ ಕಾಣತೊಡಗಿದರು. ದೋಷವುಳ್ಳ ತಂತ್ರಾಂಶ ಬರೆದವರು, ಅದರ ಅಂಕಿಯನ್ನೇ ಸಾಕ್ಷ್ಯವಾಗಿಸಿ ಮೊಕದ್ದಮೆ ಹೂಡಿಸಿದವರು, ದೂರುಗಳ ರಾಶಿಯನ್ನು ಕಂಡೂ ಸುಮ್ಮನಿದ್ದವರು. ಯಂತ್ರವನ್ನು ನಡುವೆ ನಿಲ್ಲಿಸಿದ ಮಾತ್ರಕ್ಕೆ ಈ ಪಾಲುಗಳಲ್ಲಿ ಒಂದೂ ಕರಗಿಹೋಗುವುದಿಲ್ಲ.

ದೂರದ ಉದಾಹರಣೆಗಳಿಂದ ಪಾಠ ಹತ್ತಿರಕ್ಕೆ ಬರುತ್ತದೆ. ಕರ್ನಾಟಕದ ‘ಭೂಮಿ’ ಯೋಜನೆಯನ್ನು ರೈತರ ಮಕ್ಕಳೆಲ್ಲ ಬಲ್ಲರು. ಈ ಶತಮಾನದ ಆರಂಭದಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿ, 177 ತಾಲ್ಲೂಕುಗಳಲ್ಲಿ 15 ರೂಪಾಯಿಗೆ ಒಂದರಂತೆ ಕೊಡುವ ವ್ಯವಸ್ಥೆಯಾಯಿತು. ಅದಕ್ಕೆ ಮುಂಚೆ ಸುಮಾರು 9,000 ಗ್ರಾಮ ಲೆಕ್ಕಿಗರ ಬಳಿ ಹರಡಿಕೊಂಡಿದ್ದ ದಾಖಲೆಗಾಗಿ ರೈತ ಅಲೆಯಬೇಕಿತ್ತು, ಕೈ ಬೆಚ್ಚಗೆ ಮಾಡಬೇಕಿತ್ತು. ಅದೆಷ್ಟೋ ತಗ್ಗಿತೆಂಬುದು ನಿಜ. ಬೆಂಗಳೂರಿನ ಅಂಚಿನಲ್ಲಿ ಇದೇ ವ್ಯವಸ್ಥೆ ದೊಡ್ಡ ಭೂವ್ಯವಹಾರದವರಿಗೆ ಹೆಚ್ಚು ಅನುಕೂಲವಾಯಿತೆಂದು 2007ರಲ್ಲಿ ಸಾಲಮನ್ ಬೆಂಜಮಿನ್ ಮತ್ತು ಸಂಗಡಿಗರು ವಾದಿಸಿದರೆಂಬುದೂ ನಿಜ. ಅಧ್ಯಾಪಕಿ ಎರಡನ್ನೂ ಓದಿಸುತ್ತಾರೆ. ಒಂದನ್ನು ಮರೆಮಾಡಿ ಇನ್ನೊಂದನ್ನು ಹೇಳುವುದಿಲ್ಲ.

ಆದರೆ ಅವರು ವಿಶೇಷವಾಗಿ ಎತ್ತಿ ತೋರಿಸುವ ಸಂಗತಿ ಬೇರೆ. ‘ಭೂಮಿ’ ಯೋಜನೆಯಲ್ಲಿ ದಾಖಲೆಯನ್ನು ತಿದ್ದುವ ಸರಕಾರಿ ನೌಕರನು ತನ್ನ ಬೆರಳನ್ನು ಯಂತ್ರದ ಮೇಲಿಟ್ಟು ಒಳಹೋಗಬೇಕಿತ್ತು. ಮುಂದೆ ತಪ್ಪು ಕಂಡುಬಂದರೆ ‘ಇದನ್ನು ಮಾಡಿದವನು ನಾನಲ್ಲ’ ಎನ್ನಲು ಆಸ್ಪದವಿರಬಾರದೆಂಬುದು ಅದರ ಉದ್ದೇಶ. ಕೆಲವು ವರ್ಷಗಳ ನಂತರ ನ್ಯಾಯಬೆಲೆ ಅಂಗಡಿಯಲ್ಲಿಯೂ ಬೆರಳಿನ ಯಂತ್ರ ಬಂದಿತು. ಅಲ್ಲಿ ಬೆರಳಿಡಬೇಕಾದವನು ಅಕ್ಕಿ ಪಡೆಯಲು ಬಂದ ಬಡವ. ಯಂತ್ರ ಒಂದೇ, ಬೆರಳೂ ಒಂದೇ. ಒಂದು ಕಡೆ ಅದು ಅಧಿಕಾರವುಳ್ಳವನನ್ನು ಹೊಣೆಗಾರನನ್ನಾಗಿಸಿತು. ಇನ್ನೊಂದು ಕಡೆ ಅಧಿಕಾರವಿಲ್ಲದವನನ್ನು, ತಾನು ತಾನೇ ಎಂದು ತಿಂಗಳು ತಿಂಗಳೂ ಸಾಧಿಸಬೇಕಾದ ಸ್ಥಿತಿಗೆ ತಂದಿತು. ತಂತ್ರಜ್ಞಾನ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವುದಕ್ಕಿಂತ, ಅದು ಯಾರನ್ನು ಪ್ರಶ್ನಿಸುತ್ತಿದೆ ಎಂದು ಕೇಳುವುದು ಮೇಲೆಂಬುದನ್ನು ಈ ಒಂದು ಹೋಲಿಕೆ ಮನದಟ್ಟು ಮಾಡುತ್ತದೆ.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಮುಪ್ಪಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದದ್ದೂ ಪಾಠದಲ್ಲಿದೆ. ಆ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. 2018ರ ಸೆಪ್ಟೆಂಬರಿನಲ್ಲಿ ಐವರ ಪೀಠವು ಬಹುಮತದಿಂದ ಆಧಾರ್ ಯೋಜನೆಯನ್ನು ಎತ್ತಿಹಿಡಿದು, ಖಾಸಗಿ ಸಂಸ್ಥೆಗಳ ಬಳಕೆಗೆ ಅವಕಾಶವಿತ್ತ ಭಾಗವನ್ನು ತಳ್ಳಿಹಾಕಿತು. ಒಬ್ಬರು ನ್ಯಾಯಮೂರ್ತಿ ಭಿನ್ನಮತ ಬರೆದರು. ಒಂದೇ ಕಕ್ಷಿದಾರನ ಹೆಸರಿನ ಎರಡು ತೀರ್ಪುಗಳನ್ನು ಪಕ್ಕಪಕ್ಕದಲ್ಲಿಟ್ಟು ಓದುವ ವಿದ್ಯಾರ್ಥಿಗೆ, ಸಮಾಜ ತನ್ನೊಡನೆ ತಾನೇ ವಾದಿಸುವ ಬಗೆ ತಿಳಿಯುತ್ತದೆ.

ತರಗತಿಯೆಲ್ಲ ಮೌನವಾಗುವ ಪಾಠವೂ ಒಂದುಂಟು. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನಿಂದ ಬಂದಿದ್ದ ಯುವ ಎಂಜಿನಿಯರೊಬ್ಬನನ್ನು ಮಕ್ಕಳ ಕಳ್ಳನೆಂದು ಶಂಕಿಸಿ ಗುಂಪು ಬಡಿದು ಕೊಂದಿತು. ಅವನೂ ಅವನ ಸಂಗಡಿಗರೂ ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು, ಅಷ್ಟೆ. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ ಆ ದಿನಗಳಲ್ಲಿ ವಾಟ್ಸ್‌ಆ್ಯಪ್ ಮೂಲಕ ದೇಶದ ಹಲವೆಡೆ ಹರಿದಾಡಿತ್ತು. ಅದೇ ತಿಂಗಳು ಆ ಕಂಪನಿಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ರವಾನಿಸದಂತೆ ಮಿತಿ ಹೇರಲು ಮುಂದಾಯಿತು. ಇಲ್ಲಿ ಹೊಡೆದ ಕೈಗಳನ್ನು ಕಾನೂನು ಹುಡುಕಬಲ್ಲದು. ಪರಾಂಬರಿಸದೆ ಸಂದೇಶವನ್ನು ಮುಂದಕ್ಕೆ ದಾಟಿಸಿದ ಸಾವಿರಾರು ಬೆರಳುಗಳ ಮಾತೇನು? ಅವರೆಲ್ಲರಿಗೂ ದ್ವೇಷವಿತ್ತೆನ್ನಲಾಗದು. ನೆರೆಹೊರೆಯ ಮಕ್ಕಳ ಕ್ಷೇಮವೇ ಹಲವರ ಉದ್ದೇಶವಾಗಿದ್ದಿರಬಹುದು. ಆದರೆ ಎಚ್ಚರ ತಪ್ಪಿದ ಸದುದ್ದೇಶವೂ ಹಿಂಸೆಗೆ ದಾರಿಯಾಗುತ್ತದೆ.

ಇಷ್ಟೆಲ್ಲ ಬೋಧಿಸಿದ ಬಳಿಕ, ಕಳೆದ ವರ್ಷದ ಅರ್ಧವಾರ್ಷಿಕ ಅವಧಿಯ ನಡುವೆ ಪಾಠವೇ ಅಧ್ಯಾಪಕಿಯ ಮೇಜಿನ ಮೇಲೆ ಬಂದು ಕುಳಿತಿತು. ವಿದ್ಯಾರ್ಥಿಗಳು ಒಪ್ಪಿಸುವ ಪ್ರಬಂಧಗಳನ್ನೆಲ್ಲ ‘ಇದು ಮನುಷ್ಯ ಬರೆದುದೋ, ಯಂತ್ರ ಬರೆದುದೋ’ ಎಂದು ಹೇಳುವ ತಂತ್ರಾಂಶದ ಮೂಲಕ ಹಾಯಿಸಬೇಕೆಂದು ವಿಭಾಗ ನಿಯಮ ಮಾಡಿತ್ತು. 43 ಪ್ರಬಂಧಗಳಲ್ಲಿ ಒಂದು ಮಾತ್ರ ಮಿತಿ ಮೀರಿತು. ನಿಯಮದ ಪ್ರಕಾರ ಆ ಪ್ರಬಂಧಕ್ಕೆ ಸೊನ್ನೆ ಅಂಕ. ಜತೆಗೆ ಶಿಸ್ತು ಸಮಿತಿಗೆ ವರದಿ. ಬರೆದವಳು ಗಡಿ ತಾಲ್ಲೂಕಿನ ಹಳ್ಳಿಯೊಂದರಿಂದ ಬಂದವಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗಳು. ಸೊನ್ನೆ ಬಿದ್ದರೆ ವಿಷಯ ಅನುತ್ತೀರ್ಣ. ಅನುತ್ತೀರ್ಣಳಾದರೆ ವಿದ್ಯಾರ್ಥಿವೇತನ ನಿಲ್ಲುತ್ತದೆ. ಅದು ನಿಂತರೆ ಓದು ಮುಂದುವರಿಯುವುದಿಲ್ಲ. ಪ್ರಬಂಧದ ವಿಷಯವೋ, ಕಲ್ಲು ಹೊತ್ತು ಬೆರಳಿನ ಗೆರೆ ಸವೆದ ಅವಳ ಅಜ್ಜಿಯನ್ನು ನ್ಯಾಯಬೆಲೆ ಅಂಗಡಿಯ ಯಂತ್ರ ಗುರುತಿಸದೆ ಹಿಂದಕ್ಕೆ ಕಳಿಸಿದ ಸಂಗತಿ.

ಅಧ್ಯಾಪಕಿ ಅವಳನ್ನು ಕರೆಸಿದರು. ವಿಚಾರಣೆಯ ಮಾತಾಡದೆ, ‘ಇದನ್ನು ಹೇಗೆ ಬರೆದೆ, ಹೇಳಮ್ಮ’ ಎಂದು ಕೇಳಿದರು. ಅವಳು ನೋಟುಪುಸ್ತಕ ತೆಗೆದಿಟ್ಟಳು. ಕನ್ನಡದಲ್ಲಿ ಬರೆದು, ಹೊಡೆದುಹಾಕಿ, ಮತ್ತೆ ಬರೆದ ಹನ್ನೊಂದು ಪುಟಗಳು. ಅವನ್ನು ನಿಘಂಟು ನೋಡಿ ಇಂಗ್ಲಿಷಿಗೆ ತಂದಿದ್ದಳು. ಎರಡು ಕಂಡಿಕೆಗಳಿಗೆ ಮಾತ್ರ ಮೊಬೈಲಿನ ಅನುವಾದದ ನೆರವು ಪಡೆದಿದ್ದಳು. ಅದನ್ನೂ ಅವಳೇ ಹೇಳಿದಳು. ಅವಳ ಇಂಗ್ಲಿಷು ಚಿಕ್ಕ ಚಿಕ್ಕ ವಾಕ್ಯಗಳದು, ಪಠ್ಯಪುಸ್ತಕದಲ್ಲಿ ಕಲಿತ ಪದಗಳದು. ಇಂಥ ಬರವಣಿಗೆಯನ್ನೇ ಈ ತಂತ್ರಾಂಶಗಳು ಯಂತ್ರದ ಬರವಣಿಗೆಯೆಂದು ತಪ್ಪು ತಿಳಿಯುತ್ತವೆಂಬುದು ಆ ವೇಳೆಗೆ ಪ್ರಕಟವಾಗಿದ್ದ ಸಂಗತಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಏಳು ತಂತ್ರಾಂಶಗಳನ್ನು ಪರೀಕ್ಷಿಸಿದಾಗ, ಇಂಗ್ಲಿಷ್ ಮಾತೃಭಾಷೆಯಲ್ಲದವರು ಬರೆದ 91 ಪ್ರಬಂಧಗಳಲ್ಲಿ ಸರಾಸರಿ ಅರ್ಧಕ್ಕಿಂತ ಹೆಚ್ಚನ್ನು ಅವು ಯಂತ್ರದ ಕೃತಿಯೆಂದು ದೂಷಿಸಿದ್ದವು. ಚಾಟ್‌ಜಿಪಿಟಿಯನ್ನು ರೂಪಿಸಿದ ಓಪನ್‌ಎಐ ಕಂಪನಿಯೇ ತನ್ನ ಪತ್ತೆ ತಂತ್ರಾಂಶವನ್ನು ನಿಖರತೆ ಸಾಲದೆಂದು 2023ರ ಜುಲೈಯಲ್ಲಿ ಹಿಂದಕ್ಕೆ ಪಡೆದಿತ್ತು. ಕಾರಣ ತೀರ ಸರಳ. ಮುಂದಿನ ಪದ ಯಾವುದಿರಬಹುದೆಂದು ಸುಲಭವಾಗಿ ಊಹಿಸಬಹುದಾದ ಬರವಣಿಗೆಯನ್ನು ಅವು ಯಂತ್ರದ್ದೆನ್ನುತ್ತವೆ. ಪರಭಾಷೆಯನ್ನು ಕಷ್ಟಪಟ್ಟು ಕಲಿತವನ ಪದಸಂಪತ್ತು ಚಿಕ್ಕದು. ಅದನ್ನು ಊಹಿಸುವುದು ಸುಲಭ.

ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಅವರ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಯಂತ್ರದಿಂದ ಬರೆಸಿ ತಂದು ಒಪ್ಪಿಸುವವರು ಎಲ್ಲ ಕಡೆ ಇದ್ದಾರೆ. ಅವರನ್ನು ಹಿಡಿಯದೆ ಬಿಟ್ಟರೆ, ರಾತ್ರಿಯೆಲ್ಲ ಕುಳಿತು ತಾನೇ ಬರೆದ ವಿದ್ಯಾರ್ಥಿಗೆ ಅನ್ಯಾಯವಾಗುತ್ತದೆ. ಮುನ್ನೂರು ಉತ್ತರಪತ್ರಿಕೆಗಳ ರಾಶಿ ಮುಂದಿರುವ ಅಧ್ಯಾಪಕ ಒಬ್ಬೊಬ್ಬರನ್ನೂ ಕರೆದು ನೋಟುಪುಸ್ತಕ ನೋಡಲು ಸಾಧ್ಯವೇ? ಒಂದೆರಡು ತಪ್ಪಾದರೂ ನಿಯಮ ಎಲ್ಲರಿಗೂ ಒಂದೇ ಆಗಿರುವುದೇ ನ್ಯಾಯವಲ್ಲವೇ?

ಅಧ್ಯಾಪಕಿ ಈ ಮಾತಿಗೆ ಲೆಕ್ಕದ ಭಾಷೆಯಲ್ಲಿಯೇ ಉತ್ತರ ಕೊಟ್ಟರು. ಯಂತ್ರದಿಂದ ಸಮಯ ಉಳಿಯಿತೆಂದು ಹೇಳುವಾಗ, ಆ ಉಳಿತಾಯ ಯಾರ ಖಾತೆಗೆ ಜಮೆಯಾಯಿತು, ಯಾರ ಖಾತೆಗೆ ಖರ್ಚು ಬಿತ್ತು ಎಂದು ನೋಡಬೇಕು. ಅಧ್ಯಾಪಕನಿಗೆ ಹತ್ತು ಗಂಟೆ ಉಳಿದಿರಬಹುದು. ಅದು ನಿರ್ದೋಷಿಯೊಬ್ಬಳ ಒಂದು ವರ್ಷದಿಂದ ಕಡ ತಂದುದು. ಅಂಚೆ ಕಚೇರಿಯ ಪ್ರಕರಣದಲ್ಲಿಯೂ ಆದದ್ದು ಇದೇ. ಲೆಕ್ಕ ತಪಾಸಣೆಯ ಖರ್ಚು ಸಂಸ್ಥೆಗೆ ಉಳಿಯಿತು. ಅದನ್ನು ಸಣ್ಣ ಸಣ್ಣ ಕುಟುಂಬಗಳು ತಮ್ಮ ಬಾಳಿನಿಂದ ತೆತ್ತವು. ಹೀಗೆ ಹೇಳಿದ ಮೇಲೆ ಅವರು ಮಾತಿಗೆ ತಕ್ಕ ಕೆಲಸವನ್ನೂ ಮಾಡಬೇಕಾಯಿತು. ಒಬ್ಬಳನ್ನೇ ಕರೆದು ಕೇಳುವುದು ಕೂಡ ಸಂಶಯವೇ ಎಂದು ತಿಳಿದು, 43 ವಿದ್ಯಾರ್ಥಿಗಳನ್ನೂ ತಲಾ ಕಾಲು ಗಂಟೆ ಕೂರಿಸಿಕೊಂಡು, ಅವರವರ ಪ್ರಬಂಧದ ಮೇಲೆ ಮಾತನಾಡಿಸಿದರು. ಅದಕ್ಕೆ ಹತ್ತು ಗಂಟೆ ನಲವತ್ತೈದು ನಿಮಿಷ ಹಿಡಿಯಿತು; ಮೂರು ಶನಿವಾರಗಳ ಮಧ್ಯಾಹ್ನ ಅದರಲ್ಲಿ ಕಳೆದವು. ಯಂತ್ರ ನಿರ್ದೋಷಿಗಳೆಂದು ಬಿಟ್ಟಿದ್ದ ಇಬ್ಬರು ತಾವು ಒಪ್ಪಿಸಿದ ಪ್ರಬಂಧದ ಮುಖ್ಯ ವಾದವನ್ನೇ ಹೇಳಲಾರದೆ ತಲೆ ತಗ್ಗಿಸಿದರು. ಅವರಿಗೆ ಇನ್ನೊಮ್ಮೆ ಬರೆಯಲು ಹೇಳಲಾಯಿತು.

ವರದಿಯ ನಮೂನೆಯಲ್ಲಿ ತಂತ್ರಾಂಶ ಕೊಟ್ಟ ಶೇಕಡಾವಾರು ಅಂಕಿಗೆ ಅಂಕಣವಿತ್ತು. ಅಧ್ಯಾಪಕರ ಅಭಿಪ್ರಾಯಕ್ಕೆ ಅಂಕಣವಿರಲಿಲ್ಲ. ಅವರು ಹಾಳೆಯನ್ನು ತಿರುವಿ ಹಿಂಬದಿಯಲ್ಲಿ ಬರೆದರು: ಪ್ರಬಂಧವನ್ನು ಓದಿದ್ದಾಗಿದೆ, ಕರಡನ್ನು ನೋಡಿದ್ದಾಗಿದೆ, ವಿದ್ಯಾರ್ಥಿನಿಯನ್ನು ಮಾತನಾಡಿಸಿದ್ದಾಗಿದೆ, ಎರಡು ಕಂಡಿಕೆಗಳ ಅನುವಾದ ಹೊರತು ಇದು ಅವಳದೇ ಬರವಣಿಗೆ, ಈ ನಿರ್ಣಯ ತಂತ್ರಾಂಶದ್ದಲ್ಲ, ಕೆಳಗೆ ಸಹಿ ಮಾಡಿದವರದು. ಸಮಿತಿ ಏಳು ವಾರ ತೆಗೆದುಕೊಂಡಿತು. ಆ ಏಳು ವಾರ ಹುಡುಗಿ ತರಗತಿಗೆ ಬರುತ್ತಿದ್ದಳು, ಮಾತಾಡುತ್ತಿರಲಿಲ್ಲ. ಕೊನೆಗೆ, ಮುಂದೆ ಏನಾದರೂ ಆಕ್ಷೇಪಣೆ ಬಂದರೆ ಅಧ್ಯಾಪಕಿಯೇ ಉತ್ತರಿಸಬೇಕೆಂಬ ಷರತ್ತಿನ ಮೇಲೆ ಅಂಕಗಳು ಮಂಜೂರಾದವು. ಸಮಿತಿಯವರು ಅದನ್ನು ಎಚ್ಚರಿಕೆಯೆಂದು ಬರೆದಿದ್ದರು. ಅಧ್ಯಾಪಕಿಗೆ ಬೇಕಾಗಿದ್ದುದೂ ಅದೇ: ತೀರ್ಪಿನ ಹಿಂದೆ ಒಬ್ಬ ಮನುಷ್ಯನ ಹೆಸರು. ನಿಯಮವೇನೂ ಬದಲಾಗಲಿಲ್ಲ. ಮರು ಅವಧಿಯಲ್ಲಿಯೂ ಪ್ರಬಂಧಗಳು ಅದೇ ತಂತ್ರಾಂಶದ ಮೂಲಕ ಹಾಯ್ದವು. ನಮೂನೆಗೆ ಒಂದು ಅಂಕಣ ಮಾತ್ರ ಸೇರಿತು.

ಅವರಿಗೆ ಇದರಲ್ಲಿ ಪೂರ್ಣ ನಿಶ್ಚಯವಿತ್ತೆಂದೇನೂ ಅಲ್ಲ. ಮನುಷ್ಯನ ಕಣ್ಣೂ ಮೋಸ ಹೋಗುತ್ತದೆ. ಕನಿಕರ ನ್ಯಾಯವನ್ನು ತಪ್ಪಿಸುವುದುಂಟು. ಆದರೆ ಮನುಷ್ಯನ ತೀರ್ಪನ್ನು ಎದುರಿಗೆ ನಿಂತು ಪ್ರಶ್ನಿಸಬಹುದು, ಕಾರಣ ಕೇಳಬಹುದು. ತಪ್ಪೆಂದು ತಿಳಿದಾಗ ಅವನು ನಾಚಬಲ್ಲ, ತಿದ್ದಿಕೊಳ್ಳಬಲ್ಲ. ನಾಚಿಕೆಯಿಲ್ಲದ ವಸ್ತುವಿನ ಕೈಗೆ ಶಿಕ್ಷೆಯ ಅಧಿಕಾರ ಕೊಡಬಾರದು.

ಈ ಮಾತು ವಿಶ್ವವಿದ್ಯಾಲಯದ ಗೋಡೆಗಳೊಳಗೇ ನಿಲ್ಲುವಂಥದಲ್ಲ. ಇಂದು ಛತ್ರ, ವಿದ್ಯಾರ್ಥಿನಿಲಯ, ದೇವಾಲಯದ ಟ್ರಸ್ಟು, ಸಹಕಾರಿ ಸಂಘ ಎಲ್ಲವೂ ಗಣಕಯಂತ್ರವನ್ನು ನೆಚ್ಚಿವೆ. ದಾನಿಗಳ ಹೆಸರು, ವಿಳಾಸ, ದೂರವಾಣಿ ಸಂಖ್ಯೆ. ನೆರವು ಬೇಡಿದ ಬಡ ವಿದ್ಯಾರ್ಥಿಯ ಮನೆಯ ವರಮಾನ. ಬಂದುಹೋಗುವವರ ಮುಖಗಳು, ಎಲ್ಲವೂ ಎಲ್ಲೋ ಒಂದೆಡೆ ಶೇಖರವಾಗುತ್ತಿವೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ 2023ರಲ್ಲಿ ಅಂಗೀಕಾರವಾಗಿ, ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ. ಕಾಯಿದೆ ಹೇಳುವ ಮುಂಚೆಯೇ ವಿವೇಕ ಹೇಳುವ ಮಾತು ಒಂದಿದೆ: ಬೇಡವಾದುದನ್ನು ಕೂಡಿಡಬಾರದು.

ಅವಧಿಯ ಕಡೆಯ ವಾರ ಅಧ್ಯಾಪಕಿ ಹೊಸ ವಿಷಯವನ್ನೇನೂ ಹೇಳುವುದಿಲ್ಲ. ಯಾವುದೇ ಸಂಸ್ಥೆ ಯಂತ್ರವೊಂದನ್ನು ತರುವ ಮುನ್ನ ಕೇಳಿಕೊಳ್ಳಬೇಕಾದ ಮೂರು ಪ್ರಶ್ನೆಗಳನ್ನು ಕಪ್ಪುಹಲಗೆಯ ಮೇಲೆ ಬರೆಯುತ್ತಾರೆ. ಇದು ಯಾರನ್ನು ಪ್ರಶ್ನಿಸುತ್ತದೆ, ಬಲವುಳ್ಳವನನ್ನೋ ಇಲ್ಲದವನನ್ನೋ? ಇದರಿಂದಾದ ಉಳಿತಾಯ ಯಾರ ಖಾತೆಯಿಂದ ಬಂದದ್ದು? ಇದು ತಪ್ಪಿದ ದಿನ ಎದ್ದುನಿಂತು ‘ಹೊಣೆ ನನ್ನದು’ ಎನ್ನುವವರ ಹೆಸರೇನು? ಮೂರನೆಯ ಪ್ರಶ್ನೆಯ ಮುಂದೆ ಬರೆಯಲು ಒಂದು ಹೆಸರು ಸಿಗದಿದ್ದರೆ, ಆ ಯಂತ್ರವನ್ನು ತರುವ ಕಾಲ ಇನ್ನೂ ಬಂದಿಲ್ಲ.